ರಾಮೋನನ ಪ್ರಸ್ಥಾನ

ಬೇರೆಯವರ ಮಕ್ಕಳ ಮಾರ್ಕ್ಸ್ ವಿಚಾರಿಸುವ ಚಟ ನಮ್ಮಲ್ಲಿ ಅನೇಕರಿಗೆ ಇರುತ್ತದೆ. ಪರೀಕ್ಷೆ ಬರೆದ ಹುಡುಗ ಇವರಿಗೇನಾಗಬೇಕು ಎಂದು ಕೇಳಿದರೆ ಏನೂ ಆಗಬೇಕಿರುವುದಿಲ್ಲ. ನನಗೂ ಆ ಚಟ ಇದೆ. ನಾನು ವಿಚಾರಿಸುವ ಮಕ್ಕಳು ಮಾತ್ರ ಸ್ವಲ್ಪ ದೂರದವರು. ಅಮೆರಿಕದ ಸಣ್ಣ ಲೀಗುಗಳಲ್ಲಿ ಬೇಸ್‌ಬಾಲ್ ಆಡುತ್ತ, ಎಂದಾದರೊಂದು ದಿನ ದೊಡ್ಡ ತಂಡದವರು ಮೇಲಕ್ಕೆ ಕರೆದಾರು ಎಂದು ಕಾದಿರುವ ಹುಡುಗರು ಅವರು. ಬೆಳಗಿನ ಕಾಫಿಯ ಜೊತೆ ಅವರ ನಿನ್ನೆಯ ಆಟದ ಅಂಕಿಗಳನ್ನು ನೋಡದಿದ್ದರೆ ನನಗೆ ಟೆಕ್ಸಸ್‌ನ ಪ್ಲೇನೋ ಊರಿನ ಆಫೀಸಿಗೆ ಹೋಗಲು ಕಾಲೇ ಬರುವುದಿಲ್ಲ.

ಟೆಕ್ಸಸ್‌ನಲ್ಲಿ ಈ ಚಟಕ್ಕೆ ಒಳ್ಳೆಯ ಅನುಕೂಲವಿದೆ. ದೊಡ್ಡ ತಂಡ ಡಲ್ಲಾಸ್ ಪಕ್ಕದ ಆರ್ಲಿಂಗ್ಟನ್‌ನಲ್ಲಿ ಆಡುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ತಂಡ ಆಸ್ಟಿನ್ ಹತ್ತಿರದ ರೌಂಡ್ ರಾಕ್‌ನಲ್ಲಿ, ಎರಡು ಮೆಟ್ಟಿಲು ಕೆಳಗಿನದು ಫ್ರಿಸ್ಕೋದಲ್ಲಿ. ನಾವಿರುವ ಅಲೆನ್‌ನಿಂದ ಫ್ರಿಸ್ಕೋಗೆ ಹೋಗಿಬರುವುದು ಮೈಸೂರಿನಲ್ಲಿ ತರಕಾರಿಗೆ ಹೋಗಿಬಂದಷ್ಟೇ ಸಲೀಸು. ನನ್ನ ಕಾಲೇಜಿನ ಗೆಳೆಯ ರಘು ಆಸ್ಟಿನ್ ಬಳಿಯ ಲಿಯಾಂಡರ್‌ನಲ್ಲಿದ್ದಾನೆ. ರೌಂಡ್ ರಾಕ್ ಅವನ ಪಾಲು, ಫ್ರಿಸ್ಕೋ ನನ್ನ ಪಾಲು. ವಾರಕ್ಕೊಮ್ಮೆ ಫೋನಿನಲ್ಲಿ ಕೂತು, ಯಾವ ಹುಡುಗ ಮುಂದೆ ಬಂದಾನು, ಯಾರ ಭುಜ ಕೈಕೊಟ್ಟೀತು ಎಂದು ಚರ್ಚಿಸುತ್ತೇವೆ. ಹೆಂಡತಿ ಸುಮಾ ಒಮ್ಮೆ ಈ ಮಾತುಕತೆಯನ್ನು ಬಾಗಿಲ ಆಚೆಯಿಂದ ಕೇಳಿಸಿಕೊಂಡು, "ಮಗಳಿಗೆ ಇನ್ನೂ ಹನ್ನೊಂದು ವರ್ಷ, ಈಗಲೇ ವರ ನೋಡ್ತಿದೀರಾ ಅಂದ್ಕೊಂಡೆ" ಎಂದಳು.

ಈ ಹುಡುಗರನ್ನು ಇಂಗ್ಲಿಷಿನಲ್ಲಿ ಪ್ರಾಸ್ಪೆಕ್ಟ್ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕು ಎಂದು ನಾನು ಬಹಳ ತಲೆ ಕೆಡಿಸಿಕೊಂಡಿದ್ದೆ. ಭರವಸೆಯ ಆಟಗಾರ ಎಂದರೆ ಕ್ರೀಡಾಪುಟದ ವಾಸನೆ ಬರುತ್ತದೆ. ಕೊನೆಗೆ ನನಗೆ ಹಿಡಿಸಿದ್ದು ಉಮೇದುವಾರ ಎಂಬ ಪದ. ಪಾರ್ಸಿಯಿಂದ ನಮ್ಮಲ್ಲಿಗೆ ಬಂದು, ಚುನಾವಣೆಗೆ ನಿಂತವರ ಪಾಲಾಗಿಹೋದ ಪದವಿದು. ಮೂಲದಲ್ಲಿ ಉಮೇದು ಎಂದರೆ ಆಸೆ. ಉಮೇದುವಾರ ಆಸೆ ಇಟ್ಟುಕೊಂಡವನು. ಗೆಲ್ಲುವ ಸಂಗತಿ ಆ ಪದದಲ್ಲಿ ಎಲ್ಲಿಯೂ ಇಲ್ಲ. ಇದನ್ನು ಕಂಡುಹಿಡಿದ ದಿನ ಖುಷಿಯಾಗಿ ಸುಮಾಗೆ ಹೇಳಿದೆ. ಅವಳು ಡಿಶ್‌ವಾಷರ್ ತುಂಬುತ್ತಿದ್ದಳು, ತುಂಬುತ್ತಲೇ ಇದ್ದಳು.

ಈ ಹವ್ಯಾಸದ ಸುಖವಿರುವುದು ದೂರದಲ್ಲಿ ನಿಂತು ನೋಡುವುದರಲ್ಲಿ. ಸಾವಿರಾರು ಹುಡುಗರಲ್ಲಿ ಮೇಲಕ್ಕೆ ಹೋಗುವವರು ಕೆಲವೇ ಮಂದಿ. ಉಳಿದವರನ್ನು ಒಂದು ದಿನ ಕರೆದು ಕೈಕುಲುಕಿ ಮನೆಗೆ ಕಳಿಸುತ್ತಾರೆ. ಅಂಕಿಗಳಾಗಿದ್ದರೆ ಅಳಿಸಿ ಮುಂದೆ ಹೋಗಬಹುದು. ಹುಡುಗ ಏನು ತಿನ್ನುತ್ತಾನೆ, ಹೇಗೆ ನಗುತ್ತಾನೆ ಎಂದು ಗೊತ್ತಾಯಿತೋ, ಆಮೇಲೆ ಅಳಿಸುವುದು ಕಷ್ಟ. ಹಾಗಾಗಿ ಆಟ ಮುಗಿದ ಮೇಲೆ ಹಸ್ತಾಕ್ಷರಕ್ಕೆಂದು ಬೇಲಿಯ ಬಳಿ ಮುಗಿಬೀಳುವವರ ಜೊತೆ ನಾನು ಎಂದೂ ನಿಂತವನಲ್ಲ.

ನನ್ನ ಈ ನಿರ್ಲಿಪ್ತತೆಯನ್ನು ಕೆಡಿಸಿದವರು ಶಾಂತಾ ಆಂಟಿ. ಹುಬ್ಬಳ್ಳಿಯವರು, ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾರೆ. ಅಂಕಲ್ ಯೂಲೆಸ್‌ನಲ್ಲಿ ಅಡುಗೆಮನೆ ಕಟ್ಟೆಗಳ ಗ್ರಾನೈಟ್ ವ್ಯಾಪಾರ ಮಾಡುತ್ತಾರೆ. ಸಣ್ಣ ಲೀಗಿನ ಆಟಗಾರರಿಗೆ ಸಂಬಳ ಅಷ್ಟಕ್ಕಷ್ಟೆ. ಆದ್ದರಿಂದ ಊರಿನ ಕುಟುಂಬಗಳು ಒಬ್ಬೊಬ್ಬ ಆಟಗಾರನಿಗೆ ಬೇಸಿಗೆಯ ಮಟ್ಟಿಗೆ ಮನೆಯಲ್ಲಿ ಕೋಣೆ ಕೊಡುವ ಪದ್ಧತಿ ಇದೆ. ಗಿರಾಕಿಯೊಬ್ಬ ಈ ಮಾತು ಎತ್ತಿದ್ದೇ ತಡ, ಅಂಕಲ್ ಒಪ್ಪಿಬಿಟ್ಟರು. ಮನೆಗೆ ಬಂದವನು ರಾಮೋನ್, ಡೊಮಿನಿಕನ್ ದೇಶದ ಎಡಗೈ ಪಿಚರ್, ಎಂದರೆ ಚೆಂಡು ಎಸೆಯುವವನು. ಆಂಟಿ ಮೊದಲ ದಿನವೇ ಅವನನ್ನು ರಾಮಣ್ಣ ಮಾಡಿದರು. ಶುದ್ಧ ಸಸ್ಯಾಹಾರಿ ಮನೆಯಲ್ಲಿ ಆಜಾನುಬಾಹು ಆಟಗಾರ ಹೇಗೆ ಬದುಕಿಯಾನು ಎಂದು ನಾವೆಲ್ಲ ಮರುಗಿದೆವು. ಅವನ ದೇಶದಲ್ಲೂ ದಿನಾ ಅನ್ನ ಮತ್ತು ಕಾಳಿನ ಸಾರೇ ಅಂತೆ. ಆಂಟಿಯ ಮಡಕಿಕಾಳು ಪಲ್ಯವನ್ನು ಅವನು ತನ್ನ ತಾಯಿಯ ಹೆಸರು ಹೇಳಿಕೊಂಡು ಉಂಡನಂತೆ. ಎಡಗೈಯಲ್ಲಿ ಉಣ್ಣುವುದೊಂದೇ ಆಂಟಿಗೆ ಸರಿಬರಲಿಲ್ಲ. "ಎಡಗೈ ಆಟಕ್ಕ ಇರ್ಲಿ, ಊಟಕ್ಕ ಬ್ಯಾಡಪಾ" ಎಂದು ತಿದ್ದಿ, ಎರಡು ವಾರದಲ್ಲಿ ರೊಟ್ಟಿ ಮುರಿಯುವ ಕೈ ಬದಲಿಸಿದರು.

ನನಗೆ ರಾಮೋನನ ಪರಿಚಯ ಅದಕ್ಕೂ ಮೊದಲೇ ಇತ್ತು, ಅಂಕಿಗಳ ರೂಪದಲ್ಲಿ. ವಯಸ್ಸು ಇಪ್ಪತ್ತಾರು. ಫ್ರಿಸ್ಕೋ ಮಟ್ಟದಲ್ಲಿ ಮೂರನೆಯ ವರ್ಷ. ಚೆಂಡಿಗೆ ವೇಗವಿತ್ತು, ಗುರಿ ಇರಲಿಲ್ಲ. ಕ್ರಿಕೆಟ್ಟಿನಲ್ಲಿ ವೈಡ್ ಹಾಕಿ ಹಾಕಿ ರನ್ ಕೊಡುವವರಿರುತ್ತಾರಲ್ಲ, ಅಂಥವನು. ನಾನೂ ರಘುವೂ ಅವನನ್ನು ಹಿಂದಿನ ವರ್ಷವೇ ಕೈಬಿಟ್ಟಿದ್ದೆವು. ಊರಿನಲ್ಲಿ ಅವನಿಗೆ ಹೆಂಡತಿಯೂ ಒಂದು ಪುಟ್ಟ ಮಗಳೂ ಇದ್ದಾರೆಂದು, ಈ ವರ್ಷ ಮೇಲಕ್ಕೆ ಹೋಗದಿದ್ದರೆ ಆಟ ಬಿಟ್ಟು ಮಾವನ ಗ್ಯಾರೇಜು ಸೇರುವುದಾಗಿ ಮಾತು ಕೊಟ್ಟು ಬಂದಿದ್ದಾನೆಂದು ನನಗೆ ಗೊತ್ತಾದದ್ದು ಆಂಟಿಯಿಂದ. ಇವು ಯಾವ ಅಂಕಿಪಟ್ಟಿಯಲ್ಲೂ ಇರುವುದಿಲ್ಲ.

ಆಂಟಿ ನನ್ನನ್ನು ಬೇಸ್‌ಬಾಲಿನ ಜ್ಯೋತಿಷಿ ಎಂದು ತಿಳಿದಿದ್ದರು. "ಶ್ರೀಧರ ಅವ್ರ, ನೀವು ಇದರಾಗ ಭಾಳ ಓದೀರಂತ. ನಮ್ಮ ಹುಡುಗ ಮ್ಯಾಲೆ ಹೊಕ್ಕಾನೋ ಇಲ್ಲೋ, ನೋಡಿ ಹೇಳ್ರಿ" ಎಂದರು. ಇಲ್ಲ ಎಂದು ಹೇಳಬೇಕಿತ್ತು. ಆದರೆ ಅವರು ಆಗತಾನೇ ನನ್ನ ತಟ್ಟೆಗೆ ಎರಡನೆಯ ಹೋಳಿಗೆ ಹಾಕಿದ್ದರು. ಜ್ಯೋತಿಷಿಗಳು ಮಾಡುವುದನ್ನೇ ನಾನೂ ಮಾಡಿದೆ: ಕಾಲ ಕೂಡಿ ಬರಬೇಕು ಎಂದೆ. ಅಷ್ಟಕ್ಕೇ ಬಿಡದೆ, ಜಾಣತನ ತೋರಿಸಲು, "ಇಲ್ಲೆಲ್ಲ ಮುಂಚೆ ಹೇಳೋದಿಲ್ಲ ಆಂಟಿ, ಒಂದು ಫೋನ್ ಬಂದರೆ ಸರಿ, ಬಟ್ಟೆ ಗಂಟು ಕಟ್ಟಿ ಹೊರಟುಬಿಡಬೇಕು" ಎಂದು ಸೇರಿಸಿದೆ.

ಎಡವಟ್ಟಾದದ್ದು ಅಲ್ಲಿಯೇ. ಆಂಟಿಯ ಮುಖ ಸಣ್ಣದಾಯಿತು. ಫೋನು ಅಮಾವಾಸ್ಯೆಯ ದಿನ ಬಂದರೆ? ರಾಹುಕಾಲದಲ್ಲಿ ಬಂದರೆ? ಇಷ್ಟು ವರ್ಷ ಕಾದ ಹುಡುಗ ಕೆಟ್ಟ ಗಳಿಗೆಯಲ್ಲಿ ಹೊರಟರೆ ಗತಿಯೇನು? ಪಂಚಾಂಗ ಹುಡುಕಿ, ಒಂದು ಗುರುವಾರ ಬೆಳಿಗ್ಗೆ ಅವರು ರಾಮೋನನನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದರು. ಅವನ ಕೈಯಲ್ಲಿ ಬಟ್ಟೆಯ ಚೀಲ. ಚೀಲದಲ್ಲಿ ಅವನ ಹಳೆಯ ಗ್ಲೌಸು, ಅದರ ಮಡಿಕೆಯಲ್ಲಿ ಎರಡು ವೀಳ್ಯದೆಲೆ, ಒಂದು ಅಡಿಕೆ.

"ಪ್ರಸ್ಥಾನ ಇಡಾಕ ಬಂದೀವ್ರಿ," ಎಂದರು ಆಂಟಿ. "ರೌಂಡ್ ರಾಕ್ ದಕ್ಷಿಣಕ್ಕೈತಿ. ನಿಮ್ಮ ಮನಿನೂ ನಮಗ ದಕ್ಷಿಣಕ್ಕ."

ಪ್ರಸ್ಥಾನ ಎಂಬುದನ್ನು ನಾನು ಅಜ್ಜಿಯ ಬಾಯಲ್ಲಿ ಕೇಳಿದ್ದೆ, ಕಂಡಿರಲಿಲ್ಲ. ಪ್ರಯಾಣದ ದಿನ ಒಳ್ಳೆಯದಲ್ಲದಿದ್ದರೆ, ಮೊದಲೇ ಒಂದು ಶುಭ ಮುಹೂರ್ತದಲ್ಲಿ ನಮ್ಮ ಸಾಮಾನೊಂದನ್ನು ಹೋಗುವ ದಿಕ್ಕಿನ ಮನೆಯಲ್ಲಿಟ್ಟು ಬಂದರಾಯಿತು. ಆಗಲೇ ಹೊರಟಂತೆ ಲೆಕ್ಕ. ಆಮೇಲೆ ಯಾವ ಗಳಿಗೆಯಲ್ಲಾದರೂ ಬಂದು, ಸಾಮಾನನ್ನು ಎತ್ತಿಕೊಂಡು ಮುಂದೆ ಸಾಗಬಹುದು. ವಿಧಿಯ ಕಣ್ಣಿಗೆ ಮಣ್ಣೆರಚುವ ಇಷ್ಟು ಸೊಗಸಾದ ಉಪಾಯವನ್ನು ಕಂಡುಹಿಡಿದವರ ಬಗ್ಗೆ ನನಗೆ ಗೌರವವಿದೆ. ರಾಮೋನನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಮ್ಮಜ್ಜಿಯೂ ಹೀಗೇ, ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕ. ನಗುವಾಗ ಅವನ ಒಂದು ಹುಬ್ಬು ಮಾತ್ರ ಏರುತ್ತಿತ್ತು. ಗೊತ್ತಾಗಬಾರದು ಅಂದುಕೊಂಡಿದ್ದದ್ದು ಗೊತ್ತಾಗಿಹೋಯಿತು.

ಗ್ಲೌಸು ನನ್ನ ಓದುವ ಮೇಜಿನ ಮೇಲೆ, ಪ್ರಿಂಟರ್ ಪಕ್ಕ ಕೂತಿತು. ಹಾಲಿನ ಡಬ್ಬಿಗಿರುವಂತೆ ಪ್ರಸ್ಥಾನಕ್ಕೂ ಅವಧಿ ಇದೆಯಂತೆ. ಹಾಗಾಗಿ ಪ್ರತಿ ಗುರುವಾರ ಆಂಟಿ ಬಂದು, ಚೀಲವನ್ನು ಹೊರಗೆ ಒಯ್ದು, ಎಲೆ ಅಡಿಕೆ ಬದಲಿಸಿ ಮತ್ತೆ ಒಳಗೆ ತಂದಿಡುತ್ತಿದ್ದರು. ಮಗಳು ತನ್ನ ಗೆಳತಿಯರಿಗೆ, "ಇಟ್ಸ್ ವೇಟಿಂಗ್ ಫಾರ್ ಎ ಟ್ರಿಪ್" ಎಂದು ವಿವರಿಸುತ್ತಿದ್ದಳು. ನಾನು ಬೆಳಿಗ್ಗೆ ಅಂಕಿಗಳನ್ನು ತೆರೆದಾಗ ಕಣ್ಣು ಮೊದಲು ಹೋಗುತ್ತಿದ್ದದ್ದು ರಾಮೋನನ ಹೆಸರಿಗೆ. ವಿಚಿತ್ರವೆಂದರೆ ಅವನ ಗುರಿ ನಿಜವಾಗಿಯೂ ಸುಧಾರಿಸುತ್ತಿತ್ತು. ಊಟದ ಕೆಲಸ ತಪ್ಪಿ ಎಡಗೈಗೆ ವಿಶ್ರಾಂತಿ ಸಿಕ್ಕಿದ್ದರ ಫಲ ಎಂದು ಆಂಟಿ ತೀರ್ಮಾನಿಸಿದರು. ಕಾಕತಾಳೀಯ ಎಂದು ಅವರಿಗೆ ವಿವರಿಸಲು ನೋಡಿದೆ. ಕಾಗೆಯೂ ಕೂತಿತು ತಾಳೆಹಣ್ಣೂ ಬಿತ್ತು ಎಂದಮೇಲೆ ಬೇಕಾದದ್ದು ಹಣ್ಣು ತಾನೇ ಎಂಬಂತೆ ನನ್ನನ್ನು ನೋಡಿದರು.

ಫೋನು ಬಂದದ್ದು ಜುಲೈನಲ್ಲಿ, ಯಾರೂ ಎಣಿಸದ ರೀತಿಯಲ್ಲಿ. ಫ್ರಿಸ್ಕೋ ತಂಡ ಕಾರ್ಪಸ್ ಕ್ರಿಸ್ಟಿಯಲ್ಲಿ ಆಡಲು ಹೋಗಿತ್ತು. ದೊಡ್ಡ ತಂಡ ಹ್ಯೂಸ್ಟನ್‌ನಲ್ಲಿತ್ತು. ಅಲ್ಲಿ ಇಬ್ಬರು ಪಿಚರ್‌ಗಳು ಒಟ್ಟಿಗೆ ಗಾಯಗೊಂಡು, ತುರ್ತಾಗಿ ಒಬ್ಬ ಎಡಗೈಯವನು ಬೇಕಾಯಿತು. ಹತ್ತಿರದಲ್ಲಿದ್ದವನು ರಾಮೋನ್. ರೌಂಡ್ ರಾಕ್‌ನ ಮೆಟ್ಟಿಲನ್ನೇ ದಾಟಿ ನೇರ ದೊಡ್ಡ ಲೀಗಿಗೆ! ನಾನು ಕುರ್ಚಿಯಿಂದ ಎದ್ದು ನಿಂತೆ. ನಿಂತದ್ದೇಕೆ ಎಂದು ಹೊಳೆಯದೆ ಮತ್ತೆ ಕೂತೆ. ಅಷ್ಟರಲ್ಲಿ ಆಂಟಿ ಬಾಗಿಲಲ್ಲಿದ್ದರು. ಖುಷಿಯಲ್ಲಿರಬಹುದು ಎಂದುಕೊಂಡರೆ ಗಾಬರಿಯಲ್ಲಿದ್ದರು.

"ಪ್ರಸ್ಥಾನ ಇಲ್ಲೇ ಉಳೀತಲ್ರಿ! ಇಟ್ಟದ್ದನ್ನ ಒಯ್ಯಲಾರದ ಹುಡುಗ ಹಂಗ ಹೋಗ್ಯಾನ!"

ಭಾನುವಾರ ಮಧ್ಯಾಹ್ನದ ಆಟಕ್ಕೆ ಸರಿಯಾಗಿ ನಾನು, ಆಂಟಿ, ಅಂಕಲ್ ಹ್ಯೂಸ್ಟನ್ ತಲುಪಿದೆವು. ಎರಡು ಡಿಗ್ರಿ ಮಾಡಿದ ಮನುಷ್ಯ ಒಂದು ಹಳೆಯ ಚರ್ಮದ ಗ್ಲೌಸನ್ನು ತೊಡೆಯ ಮೇಲಿಟ್ಟುಕೊಂಡು ನಾಲ್ಕು ಗಂಟೆ ಪ್ರಯಾಣ ಮಾಡುವುದಕ್ಕೆ ಏನು ಸಮರ್ಥನೆ ಕೊಡಬಹುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ, ಸಿಗಲಿಲ್ಲ. ಆಟಕ್ಕೆ ಮುಂಚೆ ಪಿಚರ್‌ಗಳು ಬೇಲಿಯ ಬಳಿ ಮೈ ಸಡಿಲಿಸುತ್ತಿದ್ದರು. ಮುಗಿಬಿದ್ದ ಹುಡುಗರ ನಡುವೆ, ರೇಷ್ಮೆ ಸೀರೆಯ ಆಂಟಿ ಬೇಲಿಗೆ ಎದೆಯೊತ್ತಿ ನಿಂತು, "ರಾಮಣ್ಣಾ!" ಎಂದು ಕೂಗಿದರು. ಅವನು ಓಡಿಬಂದ. ಎಡಗೈ ಚಾಚಿದವನು ಆಂಟಿಯ ಮುಖ ನೋಡಿ, ಅದನ್ನು ಹಿಂದಕ್ಕೆಳೆದು ಬಲಗೈಯಲ್ಲಿ ಗ್ಲೌಸು ತೆಗೆದುಕೊಂಡ. ವೀಳ್ಯದೆಲೆಯನ್ನು ಹೊಸ ಸಮವಸ್ತ್ರದ ಹಿಂದಿನ ಜೇಬಿಗೆ ಸೇರಿಸಿದ. ಅವನ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಗಿತ್ತು, ಹ್ಯೂಸ್ಟನ್ನಿನ ಸೆಕೆಗೆ ಎನ್ನೋಣವೆಂದರೆ ಆ ಕ್ರೀಡಾಂಗಣಕ್ಕೆ ಚಾವಣಿ ಬೇರೆ ಇದೆ, ಏಸಿ ಬೇರೆ.

ಆಟದ ಏಳನೆಯ ಸರದಿಯಲ್ಲಿ, ಕಾಯುವ ಪಿಚರ್‌ಗಳ ಕಟ್ಟೆಯ ಫೋನು ಮೊಳಗಿತು. ರಾಮೋನ್ ಎದ್ದು ಅಭ್ಯಾಸದ ಚೆಂಡು ಎಸೆಯತೊಡಗಿದ. ಎಸೆದದ್ದೆಲ್ಲ ನೇರವಾಗಿ ಹೋಗುತ್ತಿತ್ತು, ಒಂದಾದರೂ ಅಡ್ಡ ಬೀಳಲಿಲ್ಲ. ಅಂಕಲ್ ನನ್ನ ಮೊಣಕೈ ಹಿಡಿದುಕೊಂಡಿದ್ದರು. ಅಷ್ಟರಲ್ಲಿ ಮೈದಾನದಲ್ಲಿದ್ದ ಪಿಚರ್ ಹೇಗೋ ಸಂಭಾಳಿಸಿಕೊಂಡ. ರಾಮೋನನನ್ನು ಕೂರಿಸಿದರು. ಕೊನೆಯದಾದ ಒಂಬತ್ತನೆಯದರಲ್ಲಿ ಮತ್ತೆ ಎಬ್ಬಿಸಿದರು, ಮತ್ತೆ ಕೂರಿಸಿದರು. ಆಟ ಮುಗಿಯಿತು. ಮರುದಿನ ಗಾಯಾಳುಗಳಲ್ಲೊಬ್ಬ ಸುಧಾರಿಸಿಕೊಂಡ. ರಾಮೋನನನ್ನು ರೌಂಡ್ ರಾಕ್‌ಗೆ ಇಳಿಸಿದರು. ಬೇಸಿಗೆ ಮುಗಿದಾಗ ಕೈಕುಲುಕಿ ಮನೆಗೆ ಕಳಿಸಿದರು. ಈಗ ಮಾವನ ಗ್ಯಾರೇಜಿನಲ್ಲಿದ್ದಾನೆ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ ಫೋಟೋವನ್ನು ಆಂಟಿಗೆ ಕಳಿಸಿದ್ದ. ಬೇಜಾರಾಗಲಿಲ್ಲ ಎಂದು ಹೇಳಲಾರೆ, ಬಹಳವೇ ಆಯಿತು.

ಆದರೆ ಅಂದು ಹ್ಯೂಸ್ಟನ್ನಿನಿಂದ ಹಿಂದಿರುಗುವಾಗ ಕಾರಿನಲ್ಲಿ ಅತ್ಯಂತ ಸಮಾಧಾನದಲ್ಲಿದ್ದವರು ಆಂಟಿ. ಅವನು ಆಡಲೇ ಇಲ್ಲವಲ್ಲ ಎಂದು ನಾನು ಮೂರನೆಯ ಸಲ ಹಲುಬಿದಾಗ ಅವರು ರೊಟ್ಟಿಯ ಡಬ್ಬಿ ತೆರೆಯುತ್ತ, "ನೋಡ್ರಿ, ಅಡಿಗಿ ಮಾಡಿ ಎಲಿ ಹಾಕೀವಿ. ಉಣ್ಣಾಕ ಯಾರೂ ಬರಲಿಲ್ಲ. ಅಡಿಗಿ ಆಗೇ ಇಲ್ಲಾ ಅನ್ನಾಕ ಬರ್ತೈತೇನ್ರಿ?" ಎಂದರು. ಅಂಕಲ್ ಹೂಂಗುಟ್ಟಿದರು. ನಾನು ಹೆದ್ದಾರಿಯಿಂದ ಇಳಿಯಬೇಕಿದ್ದ ಎಕ್ಸಿಟ್ ದಾಟಿಬಿಟ್ಟೆ.

ಪ್ರತಿ ಅಕ್ಟೋಬರಿನಲ್ಲಿ ನಾನೂ ರಘುವೂ ವರ್ಷದ ಲೆಕ್ಕ ಮುಗಿಸುತ್ತೇವೆ. ಇವನು ಗೆದ್ದ, ಇವನು ಹೋದ ಎಂದು ಒಬ್ಬೊಬ್ಬರನ್ನೇ ವಿಲೇವಾರಿ ಮಾಡುತ್ತ ರಘು ಆ ವರ್ಷ ಕೊನೆಗೆ ರಾಮೋನನ ಹೆಸರಿಗೆ ಬಂದ. ನಾವು ಹೇಳಿದಂತೆಯೇ ಆಯಿತು ಎಂಬ ತೃಪ್ತಿ ಅವನ ದನಿಯಲ್ಲಿತ್ತು.

"ಇವನು ಫೇಲು ತಾನೇ? ಒಂದು ಚೆಂಡೂ ಎಸೀಲಿಲ್ಲ. ಎಸೆದರೆ ಮಾತ್ರ ಮೇಲಕ್ಕೆ ಹೋದ ಹಾಗೆ ಅಂತ ನಮ್ಮ ನಿಯಮ."

"ನಿಯಮ ತಪ್ಪು ಕಣೋ," ಎಂದೆ.

"ಅದನ್ನ ಮಾಡಿದವನು ನೀನೇ ಅಲ್ವೇನೋ!"

"ಹೌದು," ಎಂದೆ. "ಆಗ ನಾನಿನ್ನೂ ಯಾರೊಬ್ಬರನ್ನೂ ಹತ್ತಿರದಿಂದ ನೋಡಿರಲಿಲ್ಲ."