ಕ್ರಿಸ್‌ಮಸ್ ಮೇಜಿನ ಬಾಳೆಲೆ

ಮದುವೆಯಾಗಿ ಬೇಲೂರಿಗೆ ಬಂದ ವರ್ಷದ ಕ್ರಿಸ್‌ಮಸ್ ಅದು. ಆ ಬೀದಿಗೆ ಕ್ರೈಸ್ತರದು ನಮ್ಮದೊಂದೇ ಮನೆ. ನಮ್ಮವರು ಕಾಫಿ ಮೂಟೆ ಸಾಗಿಸುವ ಲಾರಿ ಓಡಿಸುತ್ತಿದ್ದರು. ಹಬ್ಬದ ಹಿಂದಿನ ದಿನ ಮಂಗಳೂರಿಗೆ ಲೋಡು ಬಿತ್ತು. ಮಧ್ಯಾಹ್ನದ ಊಟಕ್ಕೆ ಬಂದೇ ಬರುತ್ತೇನೆ ಎಂದು ಹೇಳಿ, ಸಿಂಗಾರಕ್ಕೆಂದು ಬಿಕ್ಕೋಡಿನ ತೋಟದಿಂದ ತಂದ ಒಂದು ಹೊರೆ ಸೊಪ್ಪು ಅಂಗಳದಲ್ಲಿಟ್ಟು ಹೋದರು.

ಬೆಳಿಗ್ಗೆ ಆರಾಧನೆ ಮುಗಿಸಿ ಬಂದವಳೇ ಮೇಜು ಸಿಂಗರಿಸಿದೆ. ಮೇಜು ಎಂದರೆ ಬಟ್ಟೆ ಇಸ್ತ್ರಿ ಮಾಡುವ ಮೇಜೇ. ಸರ್ವೆಯ ಟೊಂಗೆ ಉದ್ದಕ್ಕೆ ಹಾಸಿ, ನಡುನಡುವೆ ಕೆಂಪು ಹಣ್ಣಿನ ಕಾಫಿ ರೆಂಬೆ ಇಟ್ಟೆ. ಕಾಫಿ ತೋಟಕ್ಕೆ ನೆರಳಾಗುವ ಸಿಲ್ವರ್ ಮರದ ಎಲೆಗಳನ್ನು ಮಗುಚಿ ಜೋಡಿಸಿದೆ. ಬೆನ್ನು ಬೆಳ್ಳಗೆ, ಇಬ್ಬನಿ ಕೂತ ಹಾಗೆ. ಹಿಮ ಬೀಳುವ ದೇಶವನ್ನು ಕಾರ್ಡಿನಲ್ಲಿ ನೋಡಿದ್ದೆ ಅಷ್ಟೆ. ನಮಗೆ ದೇವರು ಕೊಟ್ಟ ಚಳಿಗಾಲ ಇದು, ಸಾಕು ಅನ್ನಿಸಿತು. ತೋರಿಸಲು ಯಾರೂ ಇರಲಿಲ್ಲ.

ರಸ್ತೆಯಲ್ಲಿ ಲಾರಿ ನಿಂತ ಸದ್ದಾಯಿತು. ಬಂದರು ಅಂದುಕೊಂಡು ಬಾಳೆಲೆ ಹಾಕಿ, ಕಡುಬು, ಕೋಳಿ ಸಾರು ಬಡಿಸಿ, ಮೇಣದಬತ್ತಿ ಹಚ್ಚಿದೆ. ಲಾರಿ ಬೇರೆ ಯಾರದೋ, ಹೊರಟುಹೋಯಿತು. ಎಲೆ ಎತ್ತಲು ಮನಸ್ಸು ಬರಲಿಲ್ಲ. ಎದುರಿಗೆ ಸುಮ್ಮನೆ ಕೂತೆ.

ಅಷ್ಟರಲ್ಲಿ ಪಕ್ಕದಲ್ಲೇ ಇದ್ದ ಮನೆ ಓನರಮ್ಮ ಸೇವಂತಿಗೆ ಕೊಡಲು ಬಂದರು. ನಮ್ಮಲ್ಲಿ ಅವರು ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಮೇಜು ನೋಡಿ ಹೊಸ್ತಿಲಲ್ಲೇ ನಿಂತರು.

"ಯಾರಿಗವ್ವ ಎಡೆ?"

"ಎಡೆ ಅಲ್ಲ ಕಣಕ್ಕ, ನಮ್ಮನೆಯವರಿಗೆ. ಇನ್ನೂ ಬಂದಿಲ್ಲ."

"ದಾರೀಲಿರೋ ಗಂಡಸಿಗೆ ಹಿಂಗೆ ದೀಪ ಹಚ್ಚಿ, ಎಲೆಗೆ ಬಡಿಸಿಡ್ತಾರಾ? ಸತ್ತೋರಿಗೆ ಕಣೇ ಹಿಂಗಿಡೋದು."

ನಾವು ಎಡೆ ಇಡುವವರಲ್ಲ, ನಂಬುವವರೂ ಅಲ್ಲ. ಆದರೂ ಮಂಗಳೂರು ದಾರಿಯ ಘಾಟಿಯ ತಿರುವುಗಳೆಲ್ಲ ಕಣ್ಣ ಮುಂದೆ ಬಂದವು. ನನ್ನ ಮುಖ ಅವರಿಗೆ ಕಂಡಿರಬೇಕು. ಮೇಣದಬತ್ತಿ ಆರಿಸಿದರು. ಕೈ ತೊಳೆದು ಬಂದು, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಆ ಎಲೆಗೇ ಕೈ ಹಾಕಿದರು. ಬದುಕಿರುವವರು ಉಂಡರೆ ಅದು ಎಡೆ ಆಗುವುದಿಲ್ಲವಂತೆ.

"ಉಪ್ಪು ಒಂದು ಕಲ್ಲು ಮುಂದೈತೆ," ಎಂದರು. "ನೀನೂ ಹಾಕ್ಕೊಂಡು ಉಣ್ಣು."

ಅವರು ಹೋದ ಮೇಲೆ ಮನೆ ಮತ್ತೆ ಮೊದಲಿನಂತಾಯಿತು. ಸಂಜೆಯವರೆಗೂ ಲಾರಿಗಳು ಹೋಗುತ್ತಲೇ ಇದ್ದವು. ಪ್ರತಿ ಸದ್ದಿಗೂ ಪ್ರಾರ್ಥನೆ ಅರ್ಧಕ್ಕೆ ನಿಲ್ಲುತ್ತಿತ್ತು. ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ.

ನಮ್ಮವರು ಮರುದಿನ ಬಂದರು. ಘಾಟಿಯಲ್ಲಿ ಯಾವುದೋ ಲಾರಿ ಅಡ್ಡಬಿದ್ದು ದಾರಿ ಕಟ್ಟಿತ್ತಂತೆ. ದೇವರ ಅಷ್ಟು ದಯೆ ಸಾಕಿತ್ತು ನನಗೆ. ಕಾಫಿ ಹಣ್ಣುಗಳು ಆಗಲೇ ಕಪ್ಪಾಗತೊಡಗಿದ್ದವು. ಸೊಪ್ಪು ಪಕ್ಕಕ್ಕೆ ಸರಿಸಿ, ಅವರು ಕೂತ ಮೇಲೆಯೇ, ಸ್ಟೀಲ್ ತಟ್ಟೆಯಲ್ಲಿ ಬಡಿಸಿದೆ. ಮೇಣದಬತ್ತಿ ಹಚ್ಚಲಿಲ್ಲ.