ಗೌರಾಬಾಯಿಯ ಎದುರಿಗಿಟ್ಟ ಸ್ಪೀಕರು

ನಮ್ಮ ಭಾವ ಗುರಲಿಂಗಪ್ಪನಿಗೆ ಸ್ಪೀಕರಿನ ಹುಚ್ಚು ಹಿಡಿದಿದೆ ಎಂದು ಬಬಲೇಶ್ವರದವರು ಆಡಿಕೊಂಡರು. ಆಡಿಕೊಂಡವರ ಬಾಯಿಗೆ ಮಣ್ಣು ಬೀಳಲಿ! ಅದು ಹುಚ್ಚಲ್ಲ, ಸಂಕಟ.

ನಮ್ಮಕ್ಕ ಗೌರಾಬಾಯಿ ಗೀಗೀ ಪದದ ಹಾಡುಗಾರ್ತಿ, ಎದುರು ಮೇಳದವರ ಸವಾಲಿಗೆ ಪದದಲ್ಲೇ ಉತ್ತರ ಕೊಡುವವಳು. ದಪ್ಪು ಬಾರಿಸುತ್ತ ನಿಂತಳೆಂದರೆ ತಿಕೋಟಾದ ಓಣಿಗೆ ಓಣಿಯೇ ಏಳದೆ ಕೂತಿರುತ್ತಿತ್ತು. ಭಾವ ಅವಳ ಬೆನ್ನ ಹಿಂದೆ ನಿಂತು, ಸಾಲು ಮುಗಿದಲ್ಲೆಲ್ಲ ‘ಜೀ ಜೀ’ ಎಂದು ಹಿಮ್ಮೇಳ ಎಳೆಯುವವನು. ಹೋದ ವರ್ಷ ಕ್ಯಾನ್ಸರ್ ಬಂದು ಅಕ್ಕನ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಪುಣ್ಯಕ್ಕೆ, ಅದಕ್ಕೂ ಮೊದಲು ಕಾವ್ಯಾ ಎಂಬ ಸಂಶೋಧಕಿ ಒಳ್ಳೆಯ ಮೈಕಿನಲ್ಲಿ ಅವಳ ಪದಗಳನ್ನು ಹೈ-ರೆಸೊಲ್ಯೂಷನ್ ಫೈಲುಗಳಾಗಿ ಹಿಡಿದಿಟ್ಟಿದ್ದಳು. ಹಿಮ್ಮೇಳವಿಲ್ಲದ ಒಂಟಿ ದನಿ.

ಮೊಬೈಲಿನಲ್ಲಿ ಹಚ್ಚಿದರೆ ಅಕ್ಕ ಕೈಯಾಡಿಸಿದಳು: ಇದು ನನ್ನದಲ್ಲ. ಅಂದಿನಿಂದ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು.

“ತನ್ನ ದನಿ ತಾನ ಮರಿಯಾಕತ್ತಾಳಲ್ಲೋ. ಆಕಿ ಹಿಂಗ ಹೋಗಿಬಿಟ್ರ ನಾ ಏನ್ ಮಾಡ್ಲಿ?” ಎಂದು ಭಾವ ನನ್ನ ಕೈ ಹಿಡಿದು ಅತ್ತ.

ವಿಜಯಪುರದ ಸ್ಟೇಷನ್ ರಸ್ತೆಗೆ ಹೋದೆವು. ಅಕ್ಕನ ಪದ ಕೇಳಿಸಿ ಒಳ್ಳೆಯ ಸ್ಪೀಕರು ಕೊಡು ಎಂದರೆ, ಅಂಗಡಿಯವನು ಎದೆ ನಡುಗುವ ಡಿಜೆ ಹಾಡು ಹಚ್ಚಿ “ಬೇಸ್ ನೋಡ್ರಿ ಬೇಸ್!” ಎಂದ. ಕೋಣನ ಮುಂದೆ ಕಿನ್ನರಿ! ಅಲ್ಲಿಂದ ತಂದ ಬ್ಲೂಟೂತ್ ಸೌಂಡ್‌ಬಾರಿಗೂ ಅಕ್ಕ ಕೈಯಾಡಿಸಿದಳು.

ಕೊನೆಗೆ ಗಾಂಧಿ ಚೌಕದ ಸಾದಿಕನ ಅಂಗಡಿ. “ಬ್ಲೂಟೂತ್ ಬ್ಯಾಡ್ರಿ ಕಾಕಾ, ಅದು ದನೀನ ಹಿಂಡಿ ಸಣ್ಣ ಮಾಡತೈತಿ. ವೈರ್ ಹಚ್ಚೂಣು” ಎಂದ. ಫೈಲನ್ನು ದನಿಯಾಗಿಸುವ ಡ್ಯಾಕ್ ಎಂಬ ಪೆಟ್ಟಿಗೆ, ಒಂದು ಆಂಪ್ಲಿಫೈಯರ್, ಕಟ್ಟಿಗೆಯ ಎರಡು ಸ್ಪೀಕರು ಮನೆಗೆ ತಂದು ಅಕ್ಕನ ಎದುರಿಗೇ ಜೋಡಿಸಿದ. ಹಚ್ಚಿದಾಗ ನನ್ನ ಮೈ ಜುಮ್ಮೆಂದಿತು. ಪದದ ನಡುವೆ ಅವಳು ಉಸಿರೆಳೆದದ್ದೂ ಕೇಳುತ್ತಿತ್ತು!

ಅಕ್ಕ ಕಣ್ಣು ಕೆಂಪಗೆ ಮಾಡಿ ನೋಡಿ, ಸೆರಗು ಹೊದ್ದು ಮತ್ತೆ ಗೋಡೆಗೆ ತಿರುಗಿದಳು. ಭಾವ ಹಣೆ ಹಣೆ ಬಡಿದುಕೊಂಡ.

ನನಗೆ ಸಿಟ್ಟು ನೆತ್ತಿಗೇರಿತು. “ಎಲ್ಲಿ ತಂದು ಇಟ್ಟಿಯೋ ಸಾದಿಕ! ಸವಾಲು ಹಾಕೂ ಎದುರು ಮ್ಯಾಳದವ್ರು ನಿಂತಂಗ ನಿಲ್ಲಿಸೀಯಲ್ಲೋ ಎರಡನೂ!”

ಭಾವ ತಟ್ಟನೆ ತಲೆ ಎತ್ತಿದ. “ಯಪ್ಪಾ! ಖರೇ ಐತಿ. ಪದದಾಗ ಎದುರಿಂದ ಬಂದ ದನಿ ಯಾವತ್ತೂ ವೈರಿದು. ಆಕಿ ಅದನ್ನ ತನ್ನದು ಅಂತ ಹೆಂಗ ಅಂದಾಳು?”

ಸ್ಪೀಕರುಗಳನ್ನು ಅಕ್ಕನ ಹಿಂದಕ್ಕೆ, ಅವಳ ಹೆಗಲ ಎತ್ತರಕ್ಕೆ ಇಟ್ಟೆವು. ಅವಳನ್ನು ಎಬ್ಬಿಸಿ ಕೂರಿಸಿ, ಭಾವ ತನ್ನ ಹಳೆಯ ಜಾಗದಲ್ಲಿ ನಿಂತ. ಪದ ಶುರುವಾಯಿತು. ಮೊದಲ ಸಾಲು ಮುಗಿಯುತ್ತಲೇ ಭಾವ ‘ಜೀ ಜೀ’ ಎಂದ.

ಅಕ್ಕನ ಕೈ ದಪ್ಪಿಗಾಗಿ ತಡಕಾಡಿತು. ನಾನು ಕೊಟ್ಟೆ. ಬಾರಿಸಿದಳು, ತುಟಿ ಆಡಿಸಿದಳು, ಎದೆಯುಬ್ಬಿಸಿ ಹಾಡಿದಳು. ದನಿಯೂ ತುಟಿಯೂ ಒಂದಾಗಿದ್ದವು. ನನಗೆ ಅಳು ತಡೆಯಲಾಗಲಿಲ್ಲ.

ಪದ ಮುಗಿದು ಸ್ಪೀಕರು ಸುಮ್ಮನಾಯಿತು. ಅಕ್ಕ ಮಾತ್ರ ನಿಲ್ಲಿಸಲಿಲ್ಲ. ಫೈಲಿನಲ್ಲಿಲ್ಲದ ಯಾವುದೋ ಪದವನ್ನು ಬರೀ ತುಟಿಯಲ್ಲಿ ಹಾಡತೊಡಗಿದಳು.

ಸಾದಿಕ ಇನ್ನೊಂದು ಫೈಲು ಹಚ್ಚಲು ಹೋದ. ಭಾವ ಅವನ ಕೈ ಹಿಡಿದ. ದಪ್ಪಿನ ಪೆಟ್ಟು ಕೇಳಿಯೇ ಸಾಲು ಎಲ್ಲಿ ಮುಗಿಯಿತೆಂದು ಅವನಿಗೆ ತಿಳಿಯುತ್ತಿತ್ತು. ಅಲ್ಲಲ್ಲಿಗೆ ಸರಿಯಾಗಿ ‘ಜೀ ಜೀ’ ಎನ್ನುತ್ತಲೇ ಇದ್ದ.