ಎಣ್ಣೆಸ್ನಾನದ ದಿನ ಬೆಳ್ಳಿ ಹಿಡಿಯಲಿಲ್ಲ

“ಅದು ನಾನು ಮಾಡಿದ್ದು” ಎಂದು ಹೇಳಬೇಕಿತ್ತು. ನಾನು ಹೇಳಲಿಲ್ಲ.

ಮಾತು ಬಾರದವಳೇನಲ್ಲ ನಾನು. ವಾರ ವಾರ ಈ ಪುಟದಲ್ಲಿ ನನ್ನ ವಟವಟ ಕೇಳುವ ನಿಮಗೆ ಅದು ಗೊತ್ತೇ ಉಂಟು. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಚೀಲ ಕೂರಿಸುವವರ ಬಗ್ಗೆ ಬರೆದೆ. ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಓಡುವವರ ಬಗ್ಗೆ ಬರೆದೆ. ಬೇರೆಯವರ ತಪ್ಪು ಹೇಳಲು ನನಗೆ ಯಾವತ್ತೂ ಶಬ್ದ ಕಡಿಮೆಯಾಗಿಲ್ಲ. ನನ್ನದೇ ಒಂದು ತಪ್ಪನ್ನು ಹೇಳಲು ಮಾತ್ರ ದೀಪಾವಳಿಯಿಂದ ಮಳೆಗಾಲದ ಆಟಿ ತಿಂಗಳವರೆಗೆ ಬೇಕಾಯಿತು.

ದೊಡ್ಡ ತಪ್ಪಾ? ಪೂರ್ತಿ ಓದಿ, ನೀವೇ ಹೇಳಿ.

ಹಿರಿಯಡ್ಕದಿಂದ ಕಾರ್ಕಳಕ್ಕೆ ಹೋಗುವ ರಸ್ತೆಯಲ್ಲಿ, ಟೈಲ್ಸ್ ಅಂಗಡಿಯ ಹಿಂದೆ, ಶೀಟು ಹೊದಿಸಿದ ಒಂದು ಶೆಡ್ ಉಂಟು. ನಾನು ಕೆಲಸ ಮಾಡುವುದು ಅಲ್ಲಿ. ಎಂತ ಕೆಲಸ ಎಂದು ಕೇಳಿದವರಿಗೆ “ಬೆಳ್ಳಿ ಕೆಲಸ” ಎಂದರೆ ಸಾಕು, ಅವರ ಕಣ್ಣು ನನ್ನ ಕಿವಿಗೆ, ಕಾಲಿಗೆ ಹೋಗುತ್ತದೆ. (ಅಲ್ಲಿ ನೋಡುವಂಥದ್ದು ಏನೂ ಇಲ್ಲ. ಪಾಪ, ಅವರಿಗೇ ಬೇಜಾರು.)

ನಮ್ಮದು ಆಭರಣದ ಬೆಳ್ಳಿಯಲ್ಲ. ನೀವು ತೋಟದ ಪಂಪಿನ ಸ್ವಿಚ್ ಒತ್ತುತ್ತೀರಲ್ಲ, ಆಗ ಡಬ್ಬದೊಳಗೆ ಟಕ್ ಎಂದು ಎರಡು ತಾಮ್ರದ ತುಂಡುಗಳು ಒಂದಕ್ಕೊಂದು ತಾಗುತ್ತವೆ. ಅವಕ್ಕೆ ಕಾಂಟ್ಯಾಕ್ಟ್ ಎಂದು ಹೆಸರು. ತಾಗಿದರೆ ಕರೆಂಟು, ಬಿಟ್ಟರೆ ಇಲ್ಲ. ಬರೀ ತಾಮ್ರವಾದರೆ ಮೈ ಕಪ್ಪಾಗುತ್ತದೆ, ಬಿಸಿಯೇರುತ್ತದೆ, ಒಂದು ದಿನ ಸುಟ್ಟುಹೋಗುತ್ತದೆ. ಅದಕ್ಕೇ ಅದರ ಮೇಲೆ ಬೆಳ್ಳಿಯ ತೆಳು ಪದರ ಕೂರಿಸುತ್ತೇವೆ. ಬೆಳ್ಳಿ ಕೂತಿದೆಯೋ ಇಲ್ಲವೋ ಎಂದು ಯಾರೂ ಡಬ್ಬ ತೆರೆದು ನೋಡುವುದಿಲ್ಲ. ಪಂಪು ತಿರುಗುತ್ತಿದ್ದರೆ ನಾವು ಸರಿಯಾಗಿ ಕೆಲಸ ಮಾಡಿದ್ದೇವೆ ಎಂದು ಲೆಕ್ಕ.

ಬೆಳ್ಳಿ ಬಳಿಯುವುದು ಬೇರೆ, ಕೂರಿಸುವುದು ಬೇರೆ. ತುಂಡುಗಳನ್ನು ತಂತಿಯ ಕೊಕ್ಕೆಗೆ ಸಿಕ್ಕಿಸಿ ಬಿಸಿ ಸೋಪಿನ ನೀರಿಗೆ, ಆಸಿಡ್ಡಿಗೆ, ಮತ್ತೆ ತಣ್ಣೀರಿಗೆ ಇಳಿಸಬೇಕು. ಕೊನೆಗೆ ಬೆಳ್ಳಿಯ ತೊಟ್ಟಿ, ಅದರಲ್ಲಿ ಕರೆಂಟು. ತಾಮ್ರಕ್ಕೂ ಬೆಳ್ಳಿಗೂ ನಡುವೆ ಏನೂ ಇರಕೂಡದು, ಬೆರಳಿನ ಗುರುತು ಕೂಡ. ಶುದ್ಧವಾಯಿತೋ ಇಲ್ಲವೋ ಎಂದು ತಿಳಿಯಲು ಯಾವ ಮಿಷನ್ನೂ ಬೇಡ. ತಣ್ಣೀರಿನಿಂದ ಎತ್ತಿದಾಗ ನೀರು ತುಂಡಿನ ಮೇಲೆ ಒಂದೇ ಹಾಳೆಯಾಗಿ ಹರಡಿ ನಿಲ್ಲಬೇಕು. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಮಣಿ ಮಣಿ ಕಟ್ಟಿದರೆ ಎಲ್ಲಿಯೋ ಎಣ್ಣೆ ಉಂಟು. ಮೊದಲಿನಿಂದ ತೊಳೆಯಬೇಕು.

ಇದನ್ನು ತಮ್ಮನಿಗೆ ಕಲಿಸಿದವಳು ನಾನೇ.

ದಿನೇಶ ನನಗಿಂತ ತುಂಬ ಸಣ್ಣವ. ಅವನನ್ನು ಸೊಂಟದಲ್ಲಿ ಕೂರಿಸಿಕೊಂಡೇ ನಾನು ಶಾಲೆ ಬಿಟ್ಟದ್ದು, ಏಳನೇ ಕ್ಲಾಸಿಗೆ. (ಆಮೇಲಿನ ನನ್ನ ಓದೆಲ್ಲ ತಾಮ್ರ ಸುತ್ತಿಕೊಂಡು ಬರುವ ಹಳೇ ಪೇಪರಿನಲ್ಲಿ. ಸಂಪಾದಕರಿಗೆ ಇದು ಗೊತ್ತು.) ಹುಟ್ಟಿದಾಗಿನಿಂದ ಅವನ ಅಂಗೈ ಬೆವರುತ್ತದೆ. ಶಾಲೆಯಲ್ಲಿ ಅವನು ಬರೆದ ಕಾಗದ ಒದ್ದೆಯಾಗುತ್ತಿತ್ತು. ಕಬಡ್ಡಿಯಲ್ಲಿ ಅವನು ಹಿಡಿದವರು ಜಾರಿಹೋಗುತ್ತಿದ್ದರು. ಧಾರೆಯ ಹೊತ್ತಿಗೆ ಸೌಮ್ಯಳ ಕೈ ಹಿಡಿದಾಗ ನೀರು ಎರೆಯುವ ಮೊದಲೇ ಒದ್ದೆಯಾಯಿತೆಂದು ಅವಳ ಮನೆಯವರು ಇವತ್ತಿಗೂ ತಮಾಷೆ ಮಾಡುತ್ತಾರೆ. ಅದಕ್ಕೇ ಅವನು ಶೆಡ್ಡಿನಲ್ಲಿ ಒಳಗೊಂದು ಬಟ್ಟೆಯ ಗ್ಲೌಸ್, ಮೇಲೊಂದು ರಬ್ಬರಿನದ್ದು ಹಾಕಿಯೇ ತೊಟ್ಟಿಯ ಹತ್ತಿರ ಬರುತ್ತಿದ್ದ. ನಮ್ಮೆಲ್ಲರಿಗಿಂತ ಜಾಗ್ರತೆ ಅವನಿಗೆ. ಅವನು ಕೂರಿಸಿದ ಬೆಳ್ಳಿ ನೋಡಿದರೆ ಅಲ್ಲಿಯೇ ಬೆಳೆದದ್ದು ಎಂದು ಅನಿಸಬೇಕು. ಹೊಸ ತೊಟ್ಟಿ ಬಂದರೆ ಅದನ್ನು ಪೂರ್ತಿ ಅವನಿಗೇ ಬಿಡುವುದೆಂದು ಮಾಲಕರು ಹೇಳಿಯೂ ಆಗಿತ್ತು.

ಇನ್ನು ದೀಪಾವಳಿಗೆ ಬರುತ್ತೇನೆ.

ನರಕ ಚತುರ್ದಶಿಯ ದಿನ. ಕಾರ್ಕಳದಲ್ಲಿ ಪಂಪಿನ ಸ್ಟಾರ್ಟರ್ ಮಾಡುವವರ ಅರ್ಜೆಂಟ್ ಕೆಲಸವಿತ್ತು. ಅರ್ಧ ದಿನ ಬನ್ನಿ ಎಂದು ಮಾಲಕರು ಸಂಕೋಚದಿಂದಲೇ ಕೇಳಿದ್ದರು. ಬೆಳಗಾಗುವ ಮೊದಲೇ ನಮ್ಮ ಮನೆಯಲ್ಲಿ ಎಣ್ಣೆಸ್ನಾನ. ಎಲ್ಲರ ನೆತ್ತಿಗೂ ಎಣ್ಣೆ ತಿಕ್ಕುವುದು ನಾನೇ, ಅದು ಅಕ್ಕನ ಹಕ್ಕು. ದಿನೇಶನ ತಲೆ, ಸೌಮ್ಯಳ ತಲೆ, ಕೊನೆಗೆ ನನ್ನದು. ಮಿಂದೆ, ಕಡುಬು ತಿಂದೆ, ಬಸ್ಸು ಹತ್ತಿದೆ. ತೆಂಗಿನೆಣ್ಣೆ ಅಷ್ಟು ಸುಲಭದಲ್ಲಿ ಕೈ ಬಿಡುತ್ತದೆಯೇ?

ಕೆಲಸದ ನಡುವೆ ಒಂದು ತಂತಿ ಸಡಿಲಾಗಿ ತುಂಡುಗಳು ನೀರಿಗೆ ಬಿದ್ದವು. ಗ್ಲೌಸ್ ಹಾಕಿದ ಬೆರಳಿಗೆ ಆ ಸಣ್ಣ ತಂತಿ ಸಿಗಲಿಲ್ಲ. ಗ್ಲೌಸ್ ತೆಗೆದೆ. ಬರಿಗೈಯಲ್ಲಿ ಒಂದೊಂದಾಗಿ ಸಿಕ್ಕಿಸಿದೆ, ನೀರಿನಲ್ಲಿ ಅದ್ದಿ ಎತ್ತಿದೆ.

ನೀರು ಮಣಿ ಕಟ್ಟಿತ್ತು.

ನೋಡಿದೆ. ಚೆನ್ನಾಗಿಯೇ ನೋಡಿದೆ. ಪ್ಯಾಕಿಂಗಿನಲ್ಲಿ ಕೂರುವ ಶಿರ್ವದ ಪೌಲಿನ್ ಬಸ್ಸು ತಪ್ಪುತ್ತದೆ ಎಂದು ಕೂಗುತ್ತಿದ್ದಳು. ಮನೆಯಲ್ಲಿ ಹಬ್ಬದ ಅಡುಗೆ ಅರ್ಧವಾಗಿತ್ತು. ಮತ್ತೆ ಸೋಪಿನಿಂದ ಶುರು ಮಾಡಬೇಕೇ? ನಾನು ಸೆರಗಿನಲ್ಲಿ ಒರೆಸಿದೆ. ನೀರು ಹೋಯಿತು, ಮಣಿಯೂ ಹೋಯಿತು. (ಆ ಸೆರಗಿಗೂ ತಲೆಯ ಎಣ್ಣೆ ಹಿಡಿದಿತ್ತು ಎಂದು ಆಮೇಲೆ ಹೊಳೆಯಿತು.) ತೊಟ್ಟಿಯ ಹತ್ತಿರ ನಿಂತಿದ್ದ ದಿನೇಶನ ಕೈಗೆ ಕೊಟ್ಟೆ. ಬೇರೆ ಯಾರು ಕೊಟ್ಟರೂ ತುಂಡುಗಳನ್ನು ತಿರುಗಿಸಿ ನೋಡುವವ, ನಾನು ಕೊಟ್ಟಾಗ ನನ್ನ ಮುಖ ಮಾತ್ರ ನೋಡಿದ. ಆಯ್ತಾ ಅಕ್ಕ ಎಂದು ಕೇಳಿದ. ಆಯ್ತು ಎಂದೆ. ಇಳಿಸಿದ.

ಕೆಲವು ವಾರ ಕಳೆದು ಕಾರ್ಕಳದವರು ಬಂದರು. ಕಾಂಟ್ಯಾಕ್ಟುಗಳನ್ನು ಮೇಜಿನ ಮೇಲೆ ಸುರಿದು, ಒಂದನ್ನು ಎತ್ತಿ ಉಗುರಿನಿಂದ ಕೆರೆದರು. ಬೇಯಿಸಿದ ಹಲಸಿನ ಬೀಜದ ಸಿಪ್ಪೆಯ ಹಾಗೆ ಬೆಳ್ಳಿ ಎದ್ದು ಬಂತು.

ಮಾಲಕರು ಎಲ್ಲರನ್ನೂ ಕರೆದರು. ಅವರು ಕೆಟ್ಟವರಲ್ಲ, ಕೂಗಾಡಲಿಲ್ಲ. ಯಾರೋ ಮೆಲ್ಲಗೆ ಬೆವರಿನ ಮಾತೆತ್ತಿದರು. ಎಲ್ಲರ ಕಣ್ಣು ದಿನೇಶನ ಕೈಗೆ ಹೋಯಿತು. ಎರಡೆರಡು ಗ್ಲೌಸ್ ಹಾಕುವವನ ಬೆವರು ಹೊರಗೆ ಬರುವುದು ಹೇಗೆ ಎಂದು ಒಬ್ಬರಾದರೂ ಕೇಳಿದರೇ? ಇಲ್ಲ. ಮಾಲಕರು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

“ನಿನ್ನ ತಪ್ಪಲ್ಲ ಮಾರಾಯ. ದೇವರು ಕೊಟ್ಟ ಕೈ. ಆದರೆ ಈ ಕೆಲಸಕ್ಕೆ ಅದು ಆಗುವುದಿಲ್ಲ, ಅಲ್ವಾ?”

ಎಲ್ಲರೂ ತಲೆಯಾಡಿಸಿದರು. ದಿನೇಶ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ಮಾಲಕರು, ಲೀಲಕ್ಕನ ಕೈ ನೋಡಿ ಕಲಿಯಿರಿ, ಇಷ್ಟು ವರ್ಷದಲ್ಲಿ ಒಂದು ತುಂಡು ವಾಪಸು ಬಂದದ್ದಿಲ್ಲ ಎಂದರು.

ಲೀಲಕ್ಕ ಎಂದರೆ ನಾನು. ನಾನೂ ತಲೆಯಾಡಿಸಿದೆ.

ಯಾಕೆ ಸುಮ್ಮನಿದ್ದೆ? ಕೆಲಸ ಹೋಗುತ್ತದೆಂಬ ಹೆದರಿಕೆ ಇರಲಿಲ್ಲ. ಏಳನೇ ಕ್ಲಾಸಿಗೆ ನಿಂತವಳಿಗೆ ಒಂದೇ ಒಂದು ಹೆಸರಿತ್ತು: ಕೈ ಶುದ್ಧ ಎಂದು. ಅದನ್ನು ಅಲ್ಲಿ, ಅಷ್ಟು ಜನರ ಎದುರು, ಮೇಜಿನ ಮೇಲೆ ಇಡಲು ಮನಸ್ಸಾಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಎಂಬುದು ಎಷ್ಟು ಒಳ್ಳೆಯ ದಿನ ನೋಡಿ! ಏನು ಕೊಟ್ಟರೂ ಇಟ್ಟುಕೊಳ್ಳುತ್ತದೆ.

ದಿನೇಶನನ್ನು ಡೆಲಿವರಿಗೆ ಹಾಕಿದರು. ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಇವತ್ತು ಕಾಪು, ನಾಳೆ ಕಾರ್ಕಳ. ಸಂಜೆ ಒಟ್ಟಿಗೆ ಬಸ್ಸಿಗೆ ಕಾಯುವಾಗ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದ ಹುಡುಗ, ಈಗ ಬೈಕಿನಲ್ಲಿ ಮೊದಲೇ ಮನೆ ಸೇರುತ್ತಿದ್ದ. ಕಿಸೆಯಲ್ಲಿ ಒಂದು ಕರ್ಚೀಫು ಬಂತು. ಚಹಾದ ಲೋಟ ಹಿಡಿಯುವ ಮೊದಲು ಕೈ ಒರೆಸುತ್ತಿದ್ದ. ಬಾಗಿಲಿನ ಚಿಲಕ ಮುಟ್ಟುವ ಮೊದಲು ಒರೆಸುತ್ತಿದ್ದ. ಕಾಪುವಿನಲ್ಲಿ ನಮ್ಮ ಚಿಕ್ಕಮ್ಮನ ಮಗಳ ಹೊಸ ಮನೆಯ ಒಕ್ಕಲು, ಗೃಹಪ್ರವೇಶ. ತೆಂಗಿನಕಾಯಿ ಒಡೆಯಲು ಅವನನ್ನು ಕರೆದರೆ, ಬೇರೆ ಯಾರಾದರೂ ಒಡೆಯಲಿ, ನನ್ನ ಕೈಗುಣ ಸರಿ ಇಲ್ಲ ಎಂದು ಹಿಂದೆ ಸರಿದ. ಎಲ್ಲರೂ ನಕ್ಕರು. ನಾನು ಪಾಯಸ ಬಡಿಸುತ್ತಿದ್ದೆ. ಬಡಿಸುತ್ತಲೇ ಇದ್ದೆ.

ನಿಮ್ಮಲ್ಲಿ ಯಾರಾದರೂ ಹೀಗೆ ಬಡಿಸುತ್ತಲೇ ಉಳಿದವರು ಇದ್ದೀರಾ?

ಮೊನ್ನೆ ಆಟಿಯಲ್ಲಿ ಸೌಮ್ಯಳಿಗೆ ಮಣಿಪಾಲದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ನರ್ಸ್ ಬಟ್ಟೆಯಲ್ಲಿ ಸುತ್ತಿ ತಂದು, ಅಪ್ಪ ಯಾರು, ಬನ್ನಿ ಎಂದಳು. ದಿನೇಶ ಎದ್ದ. ಕರ್ಚೀಫು ತೆಗೆದು ಕೈ ಒರೆಸಿದ. ಮತ್ತೆ ಒರೆಸಿದ. ಪ್ಯಾಂಟಿಗೂ ಉಜ್ಜಿದ. ಮಗುವಿನ ಹತ್ತಿರದವರೆಗೆ ಹೋದ ಕೈ ಅಲ್ಲಿಯೇ ನಿಂತಿತು. ಕಂಡವಳು ನಾನೊಬ್ಬಳೇ ಇರಬೇಕು.

“ನೀನೇ ಹಿಡಿ ಅಕ್ಕ,” ಎಂದ. “ನನ್ನ ಕೈ ಗೊತ್ತುಂಟಲ್ಲ.”

(ನಾವು ಮನೆಯಲ್ಲಿ ಮಾತಾಡುವುದು ತುಳು. ನಿಮಗಾಗಿ ಕನ್ನಡದಲ್ಲಿ ಬರೆದಿದ್ದೇನೆ. ತುಳುವಿನಲ್ಲಿ ಅದು ಇನ್ನೂ ಮೆತ್ತಗೆ ಕೇಳಿತು, ಅದಕ್ಕೇ ಇನ್ನೂ ಹೆಚ್ಚು ತಾಗಿತು.)

ಮಗುವನ್ನು ನಾನು ಹಿಡಿಯಲಿಲ್ಲ. ನರ್ಸಿಗೆ ಸ್ವಲ್ಪ ನಿಲ್ಲಿ ಎಂದು ಹೇಳಿ ತಮ್ಮನನ್ನು ಕಾರಿಡಾರಿನ ಕೊನೆಗೆ ಎಳೆದುಕೊಂಡು ಹೋದೆ. ಅಲ್ಲಿ ಎಲ್ಲ ಹೇಳಿದೆ. ಹಬ್ಬದ ದಿನ, ತೆಗೆದಿಟ್ಟ ಗ್ಲೌಸ್, ಎಣ್ಣೆಯ ಕೈ. ಹೇಳುವಾಗಲೂ ನನ್ನ ಬುದ್ಧಿ ನೋಡಿ, ಅವಸರದಲ್ಲಿ ಗೊತ್ತಾಗಲಿಲ್ಲ ಎಂದು ಒಂದು ಮಾತು ಸೇರಿಸಿದೆ.

ಅವನು ಸಿಟ್ಟು ಮಾಡಲಿಲ್ಲ. ಕೆಲಸ ಬಲ್ಲವನು ಕೇಳುವ ಪ್ರಶ್ನೆಯನ್ನೇ ಕೇಳಿದ.

“ನೀರು ಮಣಿ ಕಟ್ಟಿತ್ತಾ?”

ಕಟ್ಟಿತ್ತು ಎಂದೆ.

“ನೀನು ನೋಡಿದ್ದೆಯಾ?”

ನೋಡಿದ್ದೆ ಎಂದೆ.

ಅವನು ಕರ್ಚೀಫನ್ನು ಮಡಚಿ ನನ್ನ ಕೈಯಲ್ಲಿಟ್ಟ. ತಿರುಗಿ ಹೋಗಿ, ಕೈ ಒರೆಸದೆ ಮಗುವನ್ನು ಎತ್ತಿಕೊಂಡ. ಒದ್ದೆ ಕೈಗೆ ಮಗು ಅಳುತ್ತದೆಂದು ಹೆದರಿದ್ದನೋ ಏನೋ. ಅವಳು ಬಾಯಿ ತೆರೆದು ಆಕಳಿಸಿದಳು, ಅಷ್ಟೇ. ಆ ದಿನ ಅವನು ನನ್ನೊಡನೆ ಮಾತಾಡಲಿಲ್ಲ. ಮಾರನೆಯ ದಿನವೂ ಇಲ್ಲ. ಅದು ಅವನ ಹಕ್ಕು. ನಾನೂ ಕೇಳಿಕೊಂಡು ಹೋಗಲಿಲ್ಲ.

ಸೋಮವಾರ ಚಹಾದ ಹೊತ್ತಿಗೆ ಎಲ್ಲರ ಎದುರಿಗೇ ಮಾಲಕರಿಗೆ ಹೇಳಿದೆ. ಆ ದಿನವೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಹೆಸರು ಕೆಡುತ್ತದೆ ಎಂದು, ಎಂದೆ. ಅವರು ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು. ನನ್ನ ಮುಖ ನೋಡದೆ, ನೀವು ಕೆಲವು ದಿನ ಪ್ಯಾಕಿಂಗಿಗೆ ಕೂತುಕೊಳ್ಳಿ ಎಂದರು. ಹೋಗಿ ಪೌಲಿನ್ ಪಕ್ಕದಲ್ಲಿ ಕೂತೆ. ಅವಳು ಬಟರ್ ಪೇಪರಿನ ಕಟ್ಟು ನನ್ನ ಕಡೆ ತಳ್ಳಿ, ಬೆಳ್ಳಿಯನ್ನು ಹಳೇ ಪೇಪರಿನಲ್ಲಿ ಸುತ್ತಬೇಡ ಮಾರಾಯ್ತಿ, ಕಪ್ಪಾಗುತ್ತದೆ, ನಿನಗೆ ಪೇಪರು ಕಂಡರೆ ಓದುವ ಚಟ ಬೇರೆ ಎಂದಳು. ಅವಳು ಹಾಗೆ ಬೈದದ್ದು ಎಷ್ಟು ಒಳ್ಳೆಯದಾಯಿತು ಎಂದರೆ, ಬರುವುದರಲ್ಲಿದ್ದ ಅಳು ತಪ್ಪಿತು.

ದಿನೇಶ ಮರುದಿನ ಬೈಕಿನ ಕೀಲಿ ಕೊಟ್ಟು ತೊಟ್ಟಿಗೆ ಬಂದ. ಒಳಗೆ ಬಟ್ಟೆಯದ್ದು, ಮೇಲೆ ರಬ್ಬರಿನದ್ದು, ಎರಡೂ ಗ್ಲೌಸ್ ಹಾಕಿಕೊಂಡ. ನಾನು ದೂರದಿಂದ ನೋಡುತ್ತಿದ್ದೆ, ಅವನು ತೊಳೆದ, ಅದ್ದಿದ, ಎತ್ತಿದ. ಎತ್ತಿದ್ದನ್ನು ತೊಟ್ಟಿಗೆ ಇಳಿಸುವ ಬದಲು, ಕೆಳಗೆ ಬಾಲ್ದಿ ಹಿಡಿದುಕೊಂಡು, ಹನಿಸುತ್ತ ಶೆಡ್ಡಿನ ಈ ತುದಿಗೆ ನಡೆದು ಬಂದ. ನನ್ನ ಎದುರು ಹಿಡಿದು ನಿಂತ. ತಾಮ್ರದ ಮೇಲೆ ನೀರು ಒಂದೇ ಹಾಳೆಯಾಗಿ ನಿಂತಿತ್ತು. ಎಲ್ಲಿಯೂ ಒಂದು ಮಣಿ ಇರಲಿಲ್ಲ.

“ಸರಿ ಉಂಟಾ ಅಕ್ಕ?” ಎಂದು ಕೇಳಿದ.

ನಾನು ತಲೆಯಾಡಿಸಿದೆ. ಆಗ ಅವನು, ಅಷ್ಟು ದಿನದ ನಂತರ, ನನಗೆಂದು ಎರಡು ಮಾತು ಜಾಸ್ತಿ ಆಡಿದ:

“ಮಗುವನ್ನು ಎಣ್ಣೆ ಹಚ್ಚಿ ಮೀಯಿಸಲಿಕ್ಕೆ ಅತ್ತೆಯೇ ಬರಬೇಕಂತೆ, ಸೌಮ್ಯ ಹೇಳಿದಳು. ಬಾ. ಆದರೆ ಮೀಯಿಸಿದ ಮೇಲೆ ಈ ಕಡೆ ಬರಬೇಡ.”

ಪೌಲಿನ್ ಎಲ್ಲರಿಗಿಂತ ಮೊದಲು ನಕ್ಕಳು. ಆಮೇಲೆ ಶೆಡ್ಡಿಗೆ ಶೆಡ್ಡೇ ನಕ್ಕಿತು, ಮಾಲಕರೂ ಸೇರಿ. ನಾನೂ ನಕ್ಕೆ. ನಗುತ್ತಿರುವಾಗಲೇ ಹೊಳೆಯಿತು: ನಡೆದದ್ದನ್ನು ಆಸ್ಪತ್ರೆಯಲ್ಲಿ ತಮ್ಮನಿಗೆ ಹೇಳಿದೆ, ಮಾಲಕರಿಗೆ ಕಾರಣ ಹೇಳಿದೆ, ಹೇಳಬೇಕಾದ ಆ ಒಂದು ಶಬ್ದ ಮಾತ್ರ ಎಲ್ಲಿಯೂ ಹೇಳಿಲ್ಲ. ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರಿಗೆ ಅದನ್ನು ಹೇಳುವ ಕ್ರಮವೇ ಇಲ್ಲ. ಬೇಜಾರಾದರೆ ಮೀನು ಹುರಿದು ಬಡಿಸುತ್ತೇವೆ, ಮುಗಿಯಿತು.

ಅವತ್ತು ತಲೆಯಾಡಿಸಿದವರೆಲ್ಲ ಅಲ್ಲಿಯೇ ಇದ್ದರು. ನಾನು ಎದ್ದು ನಿಂತೆ. ಅವನ ಕೈಯಿಂದ ನೀರು ಇನ್ನೂ ಬಾಲ್ದಿಗೆ ತೊಟ್ಟಿಕ್ಕುತ್ತಿತ್ತು.

“ದಿನೇಶ, ನಿನ್ನ ಕೈ ಯಾವತ್ತೂ ಸರಿಯೇ ಇತ್ತು. ನನ್ನದು ತಪ್ಪಾಯ್ತು.”